ಹೊಸಪೇಟೆಗೆ ಬಂದ ತೊಗಲಿನ ಕುರ್ಚಿ

ಒಂದು ಊಹೆ ಮಾಡಿ ನೋಡೋಣ. ನಮ್ಮಪ್ಪನ ನಡುನೋವಿಗೆಂದು, ನಮ್ಮಪ್ಪ ಒಬ್ಬನೇ ಕೂಡಲೆಂದು, ಮದ್ರಾಸಿನ ದೊಡ್ಡ ಅಂಗಡಿಯಲ್ಲಿ ಮೈ ಅಳತೆ ಕೊಟ್ಟು ಮಾಡಿಸಿದ ತೊಗಲಿನ ಆರಾಮಕುರ್ಚಿ. ಆ ಅಳತೆ ಯಾರ ಮೈದು?

"ನಿಮ್ಮಪ್ಪನದೇ, ಮತ್ಯಾರದು?" ಎನ್ನುತ್ತೀರಿ. ಎಲ್ಲರೂ ಹಾಗೇ ಅಂದರು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಅಂದಳು, ಮೊನ್ನೆ ಮೊನ್ನೆ ಮೊಮ್ಮಗಳೂ ಅಂದಳು. ಅಲ್ಲ, ತಪ್ಪು. ಇನ್ನೊಂದು ಸಲ ಪ್ರಯತ್ನ ಮಾಡಿ. ಅಷ್ಟರಲ್ಲಿ ನಾನು ಕಥೆಯನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಯಾವ ಕೆಲಸವೂ ನೆಟ್ಟಗೆ ಹೋಗಿ ನೆಟ್ಟಗೆ ಬಂದದ್ದಿಲ್ಲ. ನಾಲ್ಕು ಕಡೆ ಸುತ್ತಾಡಿ, ನಲವತ್ತು ಮಂದಿಯನ್ನು ನಗಿಸಿ, ಕಡೆಗೆ ಹೇಗೋ ಮನೆ ಸೇರುತ್ತದೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ನಮ್ಮ ಮನೆಯಲ್ಲಿ ನಡೆದಂಥವು ಯಾವ ಪಠ್ಯಪುಸ್ತಕದಲ್ಲೂ ಸಿಗಲಿಲ್ಲ. ಈ ಕುರ್ಚಿಯದೊಂದು ಮಾತ್ರ ನಾನು ಎದೆಯುಬ್ಬಿಸಿ ಹೇಳುವಂಥದ್ದು. ಯಾಕೆಂದರೆ ಅದನ್ನು ಆರಿಸಿದವನು ನಾನು.

ಮೂಟೆ ಮೇಲೆ, ಅಪ್ಪ ಕೆಳಗೆ

ಅಪ್ಪನದು ಹೊಸಪೇಟೆಯಲ್ಲಿ ಅಕ್ಕಿ ಗಿರಣಿ. ಕಾಲುವೆ ಕೆಳಗಿನ ಗದ್ದೆಗಳ ಭತ್ತ ಅರ್ಧಕ್ಕರ್ಧ ನಮ್ಮಲ್ಲಿಗೇ ಬರುತ್ತಿತ್ತು. ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದಿದ್ದೆ. ಬಂದವನು ಏನು ಮಾಡುತ್ತಿದ್ದೆ ಎಂದು ಕೇಳಬೇಡಿ, ಬಿ.ಎ. ಆದವನು ಮೊದಲ ವರ್ಷ ಏನೂ ಮಾಡಬಾರದು ಎಂಬುದು ಆಗಿನ ಪದ್ಧತಿ.

ಒಂದು ದಿನ ಹಮಾಲನೊಬ್ಬ ಮೂಟೆ ಮುಟ್ಟಿ ನೋಡಿ, "ಭಾಳ ಭಾರ ಐತ್ರಿ ಸಾಹುಕಾರ್ರ, ಇದಕ್ಕ ಇಬ್ಬರು ಬೇಕು," ಅಂದ.

ಅಪ್ಪನಿಗೆ ಆಗ ಐವತ್ತೆಂಟು. "ಲೇ, ನಿನ್ನ ವಯಸ್ಸಿನ್ಯಾಗ ನಾನು ಎರಡೆರಡು ಒಯ್ತಿದ್ದೆ. ಸರಿ ಆಕಡೆ," ಎಂದು ಪಂಚೆ ಕಟ್ಟಿ, ಬಗ್ಗಿ, ಎತ್ತಿಯೇಬಿಟ್ಟ. ಮೂಟೆ ಬೆನ್ನಿಗೆ ಬಂತು. ಬೆನ್ನು ಮಾತ್ರ ಮೇಲೆ ಬರಲಿಲ್ಲ. ಬಗ್ಗಿದವನು ಬಗ್ಗಿದಂತೆಯೇ, ನೆಲ ನೋಡುತ್ತ ನಿಂತ.

ಹಮಾಲ ಬಹಳ ಮರ್ಯಾದೆಯಿಂದ ಕೇಳಿದ: "ಇಬ್ಬರನ್ನ ಕರೀಲೇನ್ರಿ? ಒಬ್ಬನ್ನ ಮೂಟಿಗೆ, ಒಬ್ಬನ್ನ ನಿಮಗ?"

ಅವತ್ತಿನಿಂದ ಅಪ್ಪನಿಗೆ ನಿಲ್ಲಲಿಕ್ಕೆ ಬರುತ್ತಿತ್ತು, ಮಲಗಲಿಕ್ಕೆ ಬರುತ್ತಿತ್ತು. ನಡುವಿನದೊಂದು, ಕೂಡುವುದು ಮಾತ್ರ ಆಗುತ್ತಿರಲಿಲ್ಲ. ಅಕ್ಕಿ ವ್ಯಾಪಾರವೋ, ಕೂತು ಮಾಡುವಂಥದ್ದು. ಮಾರುವವನು ನಿಂತಿದ್ದರೆ ಕೊಳ್ಳುವವನಿಗೆ, ಇವನಿಗೆ ಮನೆಗೆ ಹೋಗುವ ಅವಸರ ಇದೆ ಎಂದು ಧೈರ್ಯ ಬಂದುಬಿಡುತ್ತದೆ. ಅಪ್ಪ ನಿಂತು ಮಾರಿದ ತಿಂಗಳುಗಳಲ್ಲಿ ದರ ಅವನ ನಡುವಿನಂತೆಯೇ ಬಗ್ಗಿ ನಿಂತಿತು.

ಇದನ್ನು ನೋಡಿ ಕಂಪ್ಲಿಯ ವರ್ತಕನೊಬ್ಬ ಬಂದ. ದೊಡ್ಡ ಹೊಟ್ಟೆ, ಸಣ್ಣ ದನಿ. "ಸಾಹುಕಾರ್ರ, ಗಿರಣಿ ನನಗ ಕೊಡ್ರಿ. ನೀವು ಮನ್ಯಾಗ ಆರಾಮ ಮಲಗ್ರಿ. ಕುಂದ್ರಾಕ ಬರಲಾರದಾಂವಗ ಗಾದಿ ಯಾಕ್ರಿ?"

ಗಾದಿ ಎಂದರೆ ಗಿರಣಿಯ ಪಡಸಾಲೆಯಲ್ಲಿದ್ದ ಹಾಸಿಗೆಯ ಕಟ್ಟೆ. ನಮ್ಮ ತಾತ ಕೂತದ್ದು, ಅಪ್ಪ ಕೂತದ್ದು. ಅಪ್ಪನ ಮುಖ ಕೆಂಪಾಯಿತು. "ದೀಪಾವಳಿ ಪಾಡ್ಯಮಿಗೆ ಗಾದಿ ಮ್ಯಾಲ ಕುಂತು ವರ್ಷದ ಮೊದಲ ವ್ಯಾಪಾರ ನಾನ ಮಾಡ್ತೀನಿ. ಮಾಡ್ಲಿಲ್ಲಂದ್ರ ಬೀಗದಕೈ ನಿಂದು. ಹೋಗು."

ಮಾತು ಆಡಿಯಾಯಿತು. ಊರೆಲ್ಲ ಕೇಳಿಯಾಯಿತು. ಪಾಡ್ಯಮಿಗೆ ಇನ್ನು ನಾಲ್ಕು ತಿಂಗಳು.

ಬಳ್ಳಾರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರೈಲಿನಲ್ಲಿ ಗಾದಿಗನೂರು ದಾಟುವತನಕ ಅಪ್ಪ ನಿಂತೇ ಇದ್ದ. ಆಮೇಲೆ ಪ್ರಯಾಣಿಕರೇ ಮರುಗಿ ಒಂದು ಇಡೀ ಬೆಂಚು ಬಿಟ್ಟು ಮಲಗಿಸಿದರು. ಡಾಕ್ಟರು ಬೆನ್ನು ತಟ್ಟಿ, ಗುದ್ದಿ, ಕಡೆಗೆ ಹೇಳಿದರು: ಬೆನ್ನಿಗೆ ಪೂರ್ತಿ ಆಸರೆ ಇರುವ, ಹಿಂದಕ್ಕೆ ಒರಗುವ, ಕಾಲು ಮೇಲೆತ್ತಿ ಹಿಡಿಯುವ, ಒಳಗೆ ಕುದುರೆ ಕೂದಲು ತುಂಬಿದ ತೊಗಲಿನ ಕುರ್ಚಿಯಲ್ಲಿ ದಿನಕ್ಕೆ ಆರು ತಾಸು ಕೂಡಬೇಕು.

ಹೊರಗೆ ಬಂದ ಅಪ್ಪ ನನ್ನ ಕಿವಿಯಲ್ಲಿ ಹೇಳಿದ: "ಡಾಕ್ಟರು ಔಷಧ ಅಂತ ಕೊಟ್ಟದ್ದು ಏನು? ಆರು ತಾಸು ಕಾಲು ಚಾಚಿ ಕುಂದ್ರು ಅಂತ. ಇದನ್ನ ನಿಮ್ಮವ್ವಗ ನೀನ ಹೇಳು. ನಾನು ಹೇಳಿದ್ರ ನಂಬಾಂಗಿಲ್ಲ."

ದೊರೆಯ ಎದುರಿಗೆ

ಅಂಥ ಕುರ್ಚಿ ಹೊಸಪೇಟೆಯಲ್ಲಿ ಯಾರೂ ಕಂಡಿರಲಿಲ್ಲ. ಆದರೆ ಸಂಡೂರಿನ ಗುಡ್ಡದ ಮೇಲೆ, ಮ್ಯಾಂಗನೀಸ್ ಗಣಿಯ ಬಿಳಿ ದೊರೆಯ ಬಂಗಲೆಯಲ್ಲಿ ಒಂದಿತ್ತು. ಆ ಬಂಗಲೆಯ ಬಟ್ಲರ್ ನಮ್ಮ ಗಿರಣಿಯ ಅಕ್ಕಿಯನ್ನೇ ಒಯ್ಯುವವನು. "ದೊರಿ ಹತ್ತಕ್ಕ ಗಣಿಗೆ ಹೋದ್ರ ಒಂದರತನಕ ಬರಾಂಗಿಲ್ರಿ. ಬಂದು ಒಂದು ಸಲ ಕುಂತು ನೋಡ್ರಿ. ಕಾಣದ ಸಾಮಾನು ತರಿಸೋದು ಬ್ಯಾಡ," ಅಂದ. ಬುದ್ಧಿವಂತ.

ಗಾಡಿಯಲ್ಲಿ ಹುಲ್ಲು ಹಾಸಿ, ಅಪ್ಪನನ್ನು ಬೋರಲು ಮಲಗಿಸಿ ಕರೆದೊಯ್ದೆ. ಕುರ್ಚಿ ನೋಡಿ ನನಗೇ ಮೈ ಜುಂ ಎಂದಿತು. ಎಣ್ಣೆ ಹಚ್ಚಿದಂಥ ಕಂದು ತೊಗಲು, ಸಾಲಾಗಿ ಹಿತ್ತಾಳೆ ಮೊಳೆ, ಬಲಗೈ ಹತ್ತಿರ ಒಂದು ಹಿಡಿಕೆ. ಅಪ್ಪ ಅದರ ತುದಿಯಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ ಕೂತಹಾಗೆ, ಎರಡು ಬೆರಳಷ್ಟು ಜಾಗದಲ್ಲಿ ಕೂತ.

"ಹಿಂದಕ ಒರಗ್ರಿ," ಎಂದ ಬಟ್ಲರ್.

"ಬ್ಯಾಡ ಬಿಡಪ. ಹೊರಗಿಂದ ನೋಡಿದ್ರ ಗೊತ್ತಾಗ್ತೈತಿ."

"ಒರಗ್ರಿ ಅಂದ್ರ!" ಎಂದು ಬಟ್ಲರ್ ಹಿಡಿಕೆ ಎಳೆದ. ಬೆನ್ನಿನ ಹಲಗೆ ಹಿಂದಕ್ಕೆ ಬಿತ್ತು, ಕಾಲಿನ ಹಲಗೆ ಮೇಲಕ್ಕೆ ಎದ್ದಿತು, ಅಪ್ಪನ ತಲೆಯ ರುಮಾಲು ಒಂದು ಕಡೆ, ಅಪ್ಪ ಒಂದು ಕಡೆ. "ಶಿವನ!" ಎಂದು ಕೂಗಿದವನು ಥಟ್ಟನೆ ಸುಮ್ಮನಾದ. ಮುಖದ ಮೇಲಿದ್ದ ನೋವಿನ ಗೆರೆಗಳು ಒಂದೊಂದಾಗಿ ಅಳಿಸಿಹೋದದ್ದನ್ನು ನಾನು ಕಣ್ಣಾರೆ ಕಂಡೆ. ನನಗೆ ಅಳುವೇ ಬರುವಂತಾಯಿತು.

ಅಷ್ಟರಲ್ಲಿ ದೊರೆ ಬಂದ. ಅವತ್ತೇ ಬೇಗ ಬರಬೇಕೇ?

ಬಟ್ಲರ್ ಬೆವತುಹೋದ. ಅಪ್ಪ ಏಳಲು ನೋಡಿದ. ಹಿಡಿಕೆ ಬಟ್ಲರನ ಕೈಯಲ್ಲಿತ್ತು, ಬಟ್ಲರನ ಜೀವ ಅವನ ಕೈಯಲ್ಲಿರಲಿಲ್ಲ. ದೊರೆ ಟೋಪಿ ತೆಗೆದು, ಇದು ಯಾರು ಎಂದು ಕೇಳಿದ. ನಾನು ಮದ್ರಾಸಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಕರ್ತೃ ಕರ್ಮ ಹುಡುಕತೊಡಗಿದೆ. ಅಪ್ಪ ಮಾತ್ರ, ಮಲಗಿದಲ್ಲಿಂದಲೇ ಎರಡು ಕೈ ಜೋಡಿಸಿ, ತನ್ನ ಮನೆಗೆ ಬಂದ ಗಿರಾಕಿಯನ್ನು ಕೇಳುವಂತೆ ಕೇಳಿದ:

"ಬರ್ರಿ ದೊರಿ, ಕುಂದ್ರಿ. ಅಕ್ಕಿ ಹೆಂಗೈತಿ? ಅನ್ನ ಉದುರುದುರು ಆಗ್ತೈತಿಲ್ಲೋ?"

ನಾನು ತೊದಲುತ್ತ ಅನುವಾದಿಸಿದೆ. ದೊರೆ ಗಹಗಹಿಸಿ ನಕ್ಕು, ಪಕ್ಕದ ಬೆತ್ತದ ಮೋಡಾ ಎಳೆದುಕೊಂಡು ನಿಜವಾಗಿಯೂ ಕೂತ. ಕುರ್ಚಿ ಯಾವ ಅಂಗಡಿಯದು ಎಂದು ಬರೆದು ಕೊಟ್ಟ. ಅಷ್ಟೇ ಅಲ್ಲ, ಗಣಿಯ ಕೂಲಿಗಳಿಗೂ ನಮ್ಮ ಅಕ್ಕಿಯೇ ಬರಲಿ ಎಂದ. ಆಗಿನ ಕಾಲದಲ್ಲಿ ದೊರೆಗಳ ಮುಂದೆ ನಿಂತು ಮಾತಾಡಿದವರು ಬಹಳ ಮಂದಿ; ಕೂತು ಮಾತಾಡಿದವರು ಒಬ್ಬಿಬ್ಬರು. ದೊರೆಯ ಎದುರಿಗೆ ಮಲಗಿ, ದೊರೆಗೇ 'ಕುಂದ್ರಿ' ಎಂದವನು ಇಡೀ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ನಮ್ಮಪ್ಪ ಒಬ್ಬನೇ.

ಅಳತೆ

ಮದ್ರಾಸಿಗೆ ಬರೆದೆ. ದಪ್ಪ ಕ್ಯಾಟಲಾಗು ಬಂತು. ಅದರಲ್ಲಿ ಹನ್ನೊಂದು ಥರದ ಕುರ್ಚಿ. ಒಂದು ವಾರ ಮನೆಯಲ್ಲಿ ಅಡುಗೆಯ ಮಾತಿಲ್ಲ, ಮಳೆಯ ಮಾತಿಲ್ಲ, ಬರೀ ಕುರ್ಚಿ. ಅಪ್ಪ ಕರಿ ಬಣ್ಣ ಅಂದ. ಅವ್ವ, ಕರಿದು ಹಬ್ಬಕ್ಕೆ ಬೇಡ, ದ್ರಾಕ್ಷಿ ಕೆಂಪು ಅಂದಳು. ನಾನು ಓದಿದವನು, ಬೆನ್ನಿನ ಬಾಗು, ಕತ್ತಿನ ಆಸರೆ, ಮೊಣಕಾಲಿನ ಕೋನ, ಸ್ಪ್ರಿಂಗು ಎಂದು ಭಾಷಣ ಮಾಡಿ ಏಳನೆಯ ಚಿತ್ರಕ್ಕೆ ಗುರುತು ಹಾಕಿದೆ. ಆಡಿನ ತೊಗಲಿನದು, ಬಣ್ಣ ಕಂದು. ನಮ್ಮಜ್ಜಿ, ಎಂದರೆ ಅಪ್ಪನ ತಾಯಿ, ಮನೆಯ ನಿಜವಾದ ಯಜಮಾನಿ, ಚಿತ್ರ ನೋಡಿ, "ಅದೇನಲೇ ಹಂಗ ಹೊಳಿತೈತಿ?" ಎಂದು ಕೇಳಿದಳು. "ಮದ್ರಾಸಿನ ಹೊಳಪಬೇ," ಎಂದು ನಾನು ಪುಟ ತಿರುವಿದೆ. ತೊಗಲು ಎಂಬ ಮಾತನ್ನು ಬಾಯಿಂದ ಹೊರಗೆ ಬಿಡಲಿಲ್ಲ.

ಹಾಳೆಯ ಕೊನೆಯಲ್ಲಿ ಅಂಗಡಿಯವರು ಕೇಳಿದ್ದರು: ಕೂಡುವವರನ್ನು ನೆಟ್ಟಗೆ ಕೂರಿಸಿ, ಆಸನದಿಂದ ತಲೆಯವರೆಗೆ, ಭುಜದಿಂದ ಭುಜಕ್ಕೆ, ಮಂಡಿಯಿಂದ ಪಾದಕ್ಕೆ ಅಳತೆ ಬರೆದು ಕಳಿಸಿ. ನಾನು ಟೇಪು ಹಿಡಿದು, ಅಪ್ಪನನ್ನು ಒಂದು ನಿಮಿಷದ ಮಟ್ಟಿಗೆ ಗೋಡೆಗೆ ಒರಗಿಸಿ ಕೂರಿಸಿ, ತಲೆಯ ಮೇಲಿಂದ ಟೇಪು ಇಳಿಬಿಟ್ಟೆ ಅಷ್ಟೇ. ಅಡುಗೆಮನೆಯಿಂದ ಅಜ್ಜಿ ಚೀರಿದಳು.

"ಲೇ ಬಿಯೇ! ಏನ್ ಮಾಡಾಕತ್ತೀಲೇ! ನಮ್ಮಾಗ ಕುಂದ್ರಿಸಿ ಅಳತಿ ತಗೊಳ್ಳೋದು ಯಾವಾಗ ಗೊತ್ತೈತೇನು ನಿನಗ?"

ಗೊತ್ತಿತ್ತು. ಓದಿನ ಗದ್ದಲದಲ್ಲಿ ಮರೆತಿದ್ದೆ. ನಮ್ಮ ಜನರಲ್ಲಿ ತೀರಿಕೊಂಡವರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ. ಕೂತ ಮನುಷ್ಯನ ಅಳತೆ ತೆಗೆಯುವುದು ಒಂದೇ ಒಂದು ಸಲ, ಗುಣಿ ತೋಡುವಾಗ.

ಅಪ್ಪ ನಡುನೋವು ಮರೆತು ಜಿಗಿದೆದ್ದ. ಟೇಪು ಕಿತ್ತು ಎಸೆದ. ಸರಿ, ಅಪ್ಪನಷ್ಟೇ ಎತ್ತರದ ಇನ್ನೊಬ್ಬರ ಅಳತೆ ಕಳಿಸೋಣ ಎಂದು ಹೊರಟೆ. ಗಿರಣಿಯ ತೂಕದವನನ್ನು ಕೇಳಿದೆ: "ನನ್ನ ಮಕ್ಕಳು ಇನ್ನೂ ಸಣ್ಣವ್ರಿ," ಅಂದ. ಚಿಕ್ಕಪ್ಪನನ್ನು ಕೇಳಿದೆ: "ಆಸ್ತಿ ಪಾಲಾದ ಮ್ಯಾಲ ಇಂಥಾ ಮಾತ?" ಎಂದು ಬಾಗಿಲು ಹಾಕಿಕೊಂಡ. ಟೇಪು ಹಿಡಿದು ನಾನು ಬೀದಿಗೆ ಬಂದರೆ ನಮ್ಮವರೆಲ್ಲ ಇನ್ನೊಂದು ಓಣಿ ಹಿಡಿಯುವಂತಾಯಿತು.

ಕಡೆಗೆ ಕೈಹಿಡಿದವರು ಸ್ಟೇಷನ್ ಮಾಸ್ತರು. ಮದ್ರಾಸ್ ಕಡೆಯ ಅಯ್ಯರು, ನಗುಮುಖದ ಮನುಷ್ಯ. ಎತ್ತರ ಅಪ್ಪನಷ್ಟೇ, ಅಗಲ ಮಾತ್ರ ಅಪ್ಪನ ಎರಡರಷ್ಟು. ವಿಷಯ ಕೇಳಿ ಹೊಟ್ಟೆ ಕುಣಿಯುವಂತೆ ನಕ್ಕರು.

"ಧಾರಾಳವಾಗಿ ಅಳೀರಿ ತಂಬಿ! ನಮ್ಮಲ್ಲಿ ಮಲಗಿಸಿ ಒಯ್ತಾರೆ. ಕೂತ ಅಳತೆ ನನಗೇನೂ ಮಾಡೋದಿಲ್ಲ!"

ಈಗ ಗೊತ್ತಾಯಿತಲ್ಲ, ಅಳತೆ ಯಾರದೆಂದು?

ಪಾರ್ಸೆಲ್ ಆಫೀಸಿನಲ್ಲಿ

ದಸರಾ ಕಳೆದು ಎರಡು ದಿನಕ್ಕೆ ಕುರ್ಚಿ ರೈಲಿನಲ್ಲಿ ಬಂತು. ಕೂಲಿಯವನು ಓಡಿ ಬಂದು ಹೇಳಿದ. ನಾನು ಗಾಡಿ ಕಟ್ಟಿಸಿಕೊಂಡು ಹೋದೆ. ಪಾರ್ಸೆಲ್ ಆಫೀಸಿನ ನಡುವೆ ಪೆಟ್ಟಿಗೆ ಬಿಚ್ಚಿತ್ತು, ಕುರ್ಚಿ ನಿಂತಿತ್ತು, ಅದರಲ್ಲಿ ಸ್ಟೇಷನ್ ಮಾಸ್ತರು ಮಲಗಿದ್ದರು.

"ತಂಬಿ, ದಾರಿಯಲ್ಲಿ ಏನಾದರೂ ಮುರಿದಿದೆಯೋ ಎಂದು ಪರೀಕ್ಷೆ ಮಾಡ್ತಿದ್ದೀನಿ. ಇದು ನನ್ನ ಜವಾಬ್ದಾರಿ."

"ಮುರಿದೈತೇನ್ರಿ?"

"ಇವತ್ತು ಬಲಗಡೆ ನೋಡಿದೆ. ನಾಳೆ ಎಡಗಡೆ ನೋಡ್ತೀನಿ."

ಮೂರು ದಿನ ಪರೀಕ್ಷೆ ನಡೆಯಿತು. ಕೈಯಿಂದ ಕಡೆದಂತೆ ಅವರ ಮೈಗೆ ಕೂತಿತ್ತು ಆ ಕುರ್ಚಿ. ಭುಜಕ್ಕೆ ಭುಜ, ಸೊಂಟಕ್ಕೆ ಸೊಂಟ. ಬಿಟ್ಟು ಏಳಲು ಯಾರಿಗೆ ಮನಸ್ಸು ಬಂದೀತು? ಬಳ್ಳಾರಿ ಗಾಡಿ ಬಂದಾಗ ಮಲಗಿದಲ್ಲಿಂದಲೇ ಕಿಟಕಿಯಾಚೆ ಹಸಿರು ಬಾವುಟ ತೋರಿಸಿದರಂತೆ. ನಾಲ್ಕನೆಯ ದಿನ ಅಪ್ಪನೇ ನಿಧಾನವಾಗಿ ನಡೆದು ಬಂದು ಅವರ ಎದುರು ನಿಂತ. ನಡುವಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದ. ಮಾಸ್ತರು ಒಳ್ಳೆಯವರು, ನಾಚಿ ಎದ್ದರು. ಎದ್ದವರು ಕುರ್ಚಿಯ ತೋಳು ನೇವರಿಸಿ, ಮಗಳನ್ನು ಗಂಡನ ಮನೆಗೆ ಕಳಿಸುವವರಂತೆ ಹೇಳಿದರು: "ಸಾಹುಕಾರ್ರೇ, ಬಿಸಿಲಿಗೆ ಇಡಬೇಡಿ. ವಾರಕ್ಕೊಮ್ಮೆ ಎಣ್ಣೆ ಸವರಿ. ಬೇಸರ ಆದ್ರೆ ನಮ್ಮಲ್ಲಿಗೆ ಕಳಿಸಿ."

ಹೊಸಲಿನಾಚೆ

ಕುರ್ಚಿ ಮನೆ ಮುಂದೆ ಇಳಿಯಿತು. ಅಜ್ಜಿ ಆರತಿ ತಟ್ಟೆ ಹಿಡಿದು ಬಂದಳು. ಬಗ್ಗಿ ಮೂಸಿ ನೋಡಿದಳು. ತಟ್ಟೆ ಕೆಳಗಿಟ್ಟಳು.

"ಇದು ತೊಗಲು."

"ಆಡಿಂದಬೇ, ಭಾಳ ಒಳ್ಳೇದು," ಅಂದೆ.

"ಆಡಿನ ತೊಗಲಿನ್ಯಾಗ ಚಪ್ಪಲಿ ಹೊಲೀತಾರೋ ಇಲ್ಲೋ?"

"ಹೊಲೀತಾರ."

"ಹಂಗಾದ್ರ ಇದೂ ಚಪ್ಪಲಿ. ಚಪ್ಪಲಿ ಎಲ್ಲಿರಬೇಕು?"

ವಾದಕ್ಕೆ ಬಿ.ಎ. ಸಾಲಲಿಲ್ಲ. ಮದ್ರಾಸಿನ ಕುರ್ಚಿ ಹೊಸಲಿನಾಚೆ, ಜಗಲಿಯ ಮೇಲೆ, ಚಪ್ಪಲಿಗಳ ಸಾಲಿನಲ್ಲಿ ನಿಂತಿತು. ಅಪ್ಪನಿಗೆ ಚಪ್ಪಲಿಗಳ ನಡುವೆ ಕೂಡಲು ನಾಚಿಕೆ. ಕೂಡದೆ ಗುಣವಿಲ್ಲ. ಪಾಡ್ಯಮಿಗೆ ಹದಿನೈದೇ ದಿನ.

ಅಂಥ ಹೊತ್ತಿನಲ್ಲಿ ಹಂಪಿ ಕಡೆಯಿಂದ ನಮ್ಮ ಮನೆತನದ ಗುರುಗಳು, ಅಯ್ಯನವರು ಬಂದರು. ಎಂಬತ್ತರ ಹಿರಿಯರು, ನಡೆದೇ ಬಂದಿದ್ದರು. ಜಗಲಿ ಹತ್ತಿದವರೇ "ಶಿವಶಿವಾ" ಎಂದು ಕಂಡ ಕುರ್ಚಿಯಲ್ಲಿ ಕೂತುಬಿಟ್ಟರು. ಅಜ್ಜಿ ನೀರಿನ ತಂಬಿಗೆ ಹಿಡಿದು ಬಂದವಳು ನೋಡಿ ದಂಗಾದಳು. ಗುರುಗಳು ಕಣ್ಣು ಮುಚ್ಚಿ, ಮೈ ಚೆಲ್ಲಿ, ಸಾಕ್ಷಾತ್ ಕೈಲಾಸದಲ್ಲಿದ್ದರು.

ಅಯ್ಯನವರು ಎದ್ದು ಸ್ನಾನಕ್ಕೆ ಹೋದ ತಕ್ಷಣ ಅಜ್ಜಿ ಕುರ್ಚಿಗೆ ವಿಭೂತಿ ಹಚ್ಚಿದಳು, ಹೂವು ಏರಿಸಿದಳು, ನಾಲ್ಕು ಮಂದಿಯನ್ನು ಕರೆದು ಪಡಸಾಲೆಗೆ ಒಳತರಿಸಿದಳು. ಅಪ್ಪ ಹಿಗ್ಗಿ, ಕೂಡಲು ಹೋದ.

"ಹಿಂದಕ ಸರಿ! ಗುರುಗಳು ಕುಂತದ್ದದು. ಗದ್ದಿಗಿ. ಅದರ ಮ್ಯಾಲ ನೀನು ಕುಂದ್ರತಿಯಾ?"

ಅಪ್ಪ ಕಂಬ ಹಿಡಿದು ನಿಂತ. "ಯವ್ವಾ, ಮುಂಜಾನಿ ತನಕ ಚಪ್ಪಲಿ ಆಗಿತ್ತು. ಈಗ ಗದ್ದಿಗಿ ಆತು. ಇದು ಕುರ್ಚಿ ಆಗೋದು ಯಾವಾಗ?"

ಸ್ನಾನ ಮಾಡಿ ಬಂದ ಅಯ್ಯನವರ ಕಿವಿಗೆ ಇದು ಬಿತ್ತು. ಅವರು ನಗಲಿಲ್ಲ, ಬಹಳ ಗಂಭೀರವಾಗಿ ಕೇಳಿದರು: "ತಾಯಿ, ಗುರು ಉಂಡು ಉಳಿಸಿದ್ದು ಏನು?"

"ಪ್ರಸಾದ್ರಿ ಅಪ್ಪಾರ."

"ಗುರು ಕುಂತು ಉಳಿಸಿದ್ದು?"

ಅಜ್ಜಿ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಅದೂ ಪ್ರಸಾದ ಆಗಬೇಕ್ರಿ."

"ಪ್ರಸಾದ ಒಲ್ಲೆ ಅನಬಹುದೇನು?"

ಅಷ್ಟೇ. ಅಜ್ಜಿ ಮಗನ ರಟ್ಟೆ ಹಿಡಿದು ಕುರ್ಚಿಗೆ ದಬ್ಬಿದಳು. ಅಪ್ಪ ಮತ್ತೆ ತುದಿಯಲ್ಲಿ ಕೂತದ್ದು ಕಂಡು ಗದರಿದಳು: "ಪೂರ್ತಿ ಕುಂದ್ರು! ಪ್ರಸಾದ ಬಿಡಬಾರದು!"

ಗಾದಿಯ ಮೇಲೆ

ಪಾಡ್ಯಮಿಯ ಮುಂಜಾನೆ ಕುರ್ಚಿಯನ್ನು ಗಿರಣಿಗೆ ಸಾಗಿಸಿ, ಗಾದಿಯ ಮೇಲೆಯೇ ಇಟ್ಟೆವು. ಸ್ಟೇಷನ್ ಮಾಸ್ತರರ ಅಗಲಕ್ಕೆ ಮಾಡಿದ್ದರಿಂದ ಅಪ್ಪನ ಎರಡೂ ಪಕ್ಕ ಖಾಲಿ ಉಳಿಯಿತು. ಅಲ್ಲಿ ಎರಡು ಲೋಡುದಿಂಬು ತುರುಕಿದೆವು. ಅಪ್ಪ ಲೋಡುಗಳ ನಡುವೆ ಪೆಟ್ಟಿಗೆಯೊಳಗಿನ ಗಾಜಿನ ಸಾಮಾನಿನಂತೆ ಭದ್ರವಾಗಿ ಕೂತ.

ಕಂಪ್ಲಿಯ ವರ್ತಕ ಎಲ್ಲರಿಗಿಂತ ಮೊದಲೇ ಬಂದಿದ್ದ. "ಇದೇನ್ರಿ ಸಾಹುಕಾರ್ರ? ಗಾದಿ ಮ್ಯಾಲ ಕುಂದ್ರತೀನಿ ಅಂದಿದ್ರಿ."

"ಗಾದಿ ಮ್ಯಾಲ ಕುರ್ಚಿ ಐತಿ, ಕುರ್ಚಿ ಮ್ಯಾಲ ನಾನು ಅದೀನಿ. ಗಾದಿ ಬಿಟ್ಟು ಕೆಳಗ ಕುಂತಾಂವ ನೀನ ಒಬ್ಬ," ಅಂದ ಅಪ್ಪ. ಮಂದಿ ನಕ್ಕರು. ವರ್ತಕ ಸಣ್ಣ ದನಿಯಲ್ಲಿ, "ವ್ಯಾಪಾರ ಆಗೂತನಕ ಕುಂದ್ರಬೇಕಲ್ಲ, ನೋಡೋಣು," ಎಂದು ಗೋಡೆಗೆ ಒರಗಿದ.

ಪೂಜೆಯಾಯಿತು. ಹೋಳಿಗೆ ಊಟವಾಯಿತು. ಅಪ್ಪನಿಗೆ ಖುಷಿಗೆ ಒಂದು ಹೋಳಿಗೆ ಹೆಚ್ಚೇ ಹೋಯಿತು. ಆಮೇಲೆ ವ್ಯಾಪಾರ.

ಆಗಿನ ವ್ಯಾಪಾರ ಈಗಿನಂತೆ ಬಾಯಲ್ಲಿ ಕೂಗುವುದಲ್ಲ. ಮಾರುವವನ ಬಲಗೈ ಮೇಲೆ ಒಂದು ಟವಲು ಹೊದಿಸುವುದು. ಕೊಳ್ಳುವವನು ಅದರೊಳಗೆ ಕೈ ತೂರಿಸಿ, ಬೆರಳು ಹಿಡಿದು ದರ ಹೇಳುವುದು. ಒಂದು ಬೆರಳು ಹಿಡಿದರೆ ಇಷ್ಟು, ಎರಡು ಹಿಡಿದರೆ ಇಷ್ಟು. ಪಕ್ಕದಲ್ಲಿದ್ದವನಿಗೂ ತಿಳಿಯಬಾರದು. ಮಾರುವವನಿಗೆ ಒಪ್ಪಿಗೆಯಾದರೆ ಆ ಕೈಯನ್ನು ಗಟ್ಟಿಯಾಗಿ ಹಿಡಿಯಬೇಕು; ಆಗದಿದ್ದರೆ ತನ್ನ ಕೈ ಸಡಿಲ ಬಿಡಬೇಕು. ಮಾತಿಲ್ಲ. ಮನಸ್ಸು ಮುಖದಲ್ಲಿ ಕಾಣಬಾರದೆಂದು ಅಪ್ಪ ಯಾವಾಗಲೂ ಕಣ್ಣು ಮುಚ್ಚಿಕೊಂಡೇ ಕೂಡುತ್ತಿದ್ದ. ವರ್ಷದ ಮೊದಲ ವ್ಯಾಪಾರವೆಂದರೆ ಗೌರವದ ವ್ಯಾಪಾರ. ನನಗಾಗಲಿ ಎಂದು ಎಲ್ಲರಿಗೂ ಆಸೆ.

ಬಳ್ಳಾರಿಯ ದಲ್ಲಾಳಿ ಮೊದಲು ಕೈ ತೂರಿಸಿದ. ಅಪ್ಪನ ಕೈ ಸಡಿಲ. ಒಂದು ಬೆರಳು ಹಿಡಿದ. ಸಡಿಲ. ಇನ್ನೊಂದು ಏರಿಸಿದ. ಸಡಿಲ. ಹಣೆ ಒರೆಸಿಕೊಳ್ಳುತ್ತ ಎದ್ದ. "ಇವತ್ತು ಸಾಹುಕಾರ್ರು ಕಲ್ಲು ಆಗ್ಯಾರ."

ಕುರೆಕುಪ್ಪದ ಕಿರಾಣಿಯವನು ಬಂದ. ಅವನು ಇನ್ನೂ ಮೇಲೆ ಹೋದ. ಕೈ ಹತ್ತಿಯಂತೆ ಮೆತ್ತಗೆ. ಅವನೂ ಎದ್ದ.

ನಾನು ಕುರ್ಚಿಯ ಹಿಂದೆ ನಿಂತಿದ್ದೆ. ಅಪ್ಪನ ಗಟ್ಟಿತನ ಕಂಡು ನನಗೆ ಹೆಮ್ಮೆಯೋ ಹೆಮ್ಮೆ. ಅಷ್ಟರಲ್ಲಿ ರುಮಾಲಿನ ಕೆಳಗಿಂದ ಸಣ್ಣಗೆ, ಕೊಳಲಿಗೆ ಗಾಳಿ ಹೋದಂತೆ ಒಂದು ಸದ್ದು ಕೇಳಿತು. ಬಗ್ಗಿ ಕಿವಿಗೊಟ್ಟೆ.

ಅಪ್ಪ ಗಾಢ ನಿದ್ದೆಯಲ್ಲಿದ್ದ.

ಎಬ್ಬಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಕಂಪ್ಲಿಯವನು ಅಲ್ಲೇ ಬೀಗದಕೈ ಕೇಳುತ್ತಾನೆ. ಎಬ್ಬಿಸದಿದ್ದರೆ ವ್ಯಾಪಾರವೇ ಆಗುವುದಿಲ್ಲ. ಆಗಲೂ ಬೀಗದಕೈ ಅವನದೇ. ಅಪ್ಪನ ಭುಜದ ಮೇಲೆ ಕೈಯಿಡಲು ಹೋದೆ. ಒಳಬಾಗಿಲ ಹಿಂದಿನಿಂದ ಅಜ್ಜಿ ಹಲ್ಲು ಕಚ್ಚಿ ಪಿಸುಗುಟ್ಟಿದಳು: "ಮುಟ್ಟೀಯಲೇ! ಆರು ತಿಂಗಳ ಮ್ಯಾಲ ನನ್ನ ಮಗ ಕುಂತು ನಿದ್ದಿ ಮಾಡಾಕತ್ತಾನ!"

ಆಗ ಕಂಪ್ಲಿಯವನು ಎದ್ದ. ಇಬ್ಬರು ಸೋತದ್ದು ನೋಡಿ ಅವನಿಗೆ ಹುರುಪು ಬಂದಿತ್ತು. ಗಿರಣಿಯ ಪಂತವೇ ಮರೆತುಹೋಗಿ, ಇಬ್ಬರಿಗೂ ದಕ್ಕದ ಮೊದಲ ವ್ಯಾಪಾರ ತನಗೇ ಆಗಬೇಕೆಂಬ ಹಟ ಹತ್ತಿತ್ತು. ಟವಲಿನೊಳಗೆ ಕೈ ಹೋಯಿತು. ಒಂದು ಬೆರಳು. ಏನೂ ಇಲ್ಲ. ಎರಡು. ಏನೂ ಇಲ್ಲ. ಅವನ ಮೀಸೆಯ ಮೇಲೆ ಬೆವರು ನಿಂತಿತು. ಮೂರು.

"ಸಾಹುಕಾರ್ರ, ಇದಕ್ಕಿಂತ ಮ್ಯಾಲ ಹೋದ್ರ ನನ್ನ ಹೆಂಡ್ತಿ ಮನಿಯೊಳಗ ಬಿಟ್ಟುಕೊಳ್ಳಾಂಗಿಲ್ರಿ," ಎಂದು ಸಣ್ಣ ದನಿಯನ್ನು ಇನ್ನೂ ಸಣ್ಣ ಮಾಡಿದ.

ಅಪ್ಪ ಕದಲಲಿಲ್ಲ.

"ಕಲ್ಲು ಅಲ್ರೀ ಇವ್ರು, ಗುಡ್ಡ," ಎಂದು ನಿಟ್ಟುಸಿರು ಬಿಟ್ಟು, ನಾಲ್ಕನೆಯ ಬೆರಳೂ ಹಿಡಿದ. ಪಡಸಾಲೆಯಲ್ಲಿ ಉಸಿರಿನ ಸದ್ದಿಲ್ಲ, ಅಪ್ಪನದೊಂದು ಬಿಟ್ಟು.

ಹೋಳಿಗೆಯ ವಾಸನೆಗೆ ಬಂದ ಒಂದು ನೊಣ, ಶಿವನೇ ಕಳಿಸಿದ್ದಿರಬೇಕು, ಅಪ್ಪನ ಮೂಗಿನ ತುದಿಯಲ್ಲಿ ಕೂತಿತು. ನಿದ್ದೆಯಲ್ಲೇ ಅಪ್ಪ ಮುಖ ಕಿವುಚಿದ, ಮೈ ಬಿಗಿದ, ಟವಲಿನೊಳಗಿನ ಕೈಯನ್ನು ಗಬಕ್ಕನೆ ಹಿಡಿದು ಹಿಂಡಿದ.

"ಆತು! ಆತು!" ಎಂದು ಕಂಪ್ಲಿಯವನು ನೋವಿಗೋ ಸಂತೋಷಕ್ಕೋ ಕೂಗಿದ. ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಹಮಾಲರು 'ಹೋ' ಎಂದರು. ಹೊಸಪೇಟೆಯಲ್ಲಿ ಅಷ್ಟು ದರ ಅದರ ಹಿಂದೆ ಯಾರೂ ಕಂಡಿರಲಿಲ್ಲ. ನಾನು ಅವಸರದಿಂದ ಎಲೆ ಅಡಿಕೆ ಹಂಚಿ, "ಅಪ್ಪಗ ಕಣ್ಣು ಬಿಡಾಕ ಇನ್ನೊಂದೀಟು ಹೊತ್ತು ಬೇಕ್ರಿ, ಶಿವಧ್ಯಾನದಾಗ ಅದಾನ," ಅಂದೆ.

ಕಂಪ್ಲಿಯವನು ಕೈ ಉಜ್ಜಿಕೊಳ್ಳುತ್ತ ಅಪ್ಪನ ಎದುರು ಬಗ್ಗಿ ನಮಸ್ಕಾರ ಮಾಡಿದ. "ಇಂಥಾ ವ್ಯಾಪಾರಿನ ನಾನು ನೋಡಿಲ್ಲ. ನಾವು ಮೂರು ಮಂದಿ ಬೆವತ್ವಿ, ಇವ್ರ ಉಸಿರು ಸೈತ ಏರಲಿಲ್ಲ. ಈ ಗಾದಿ ಕೇಳಿದ್ದು ನನ್ನ ತಪ್ಪು. ಬೀಗದಕೈ ಇವ್ರ ಸೊಂಟದಾಗ ಇರ್ಲಿ." ಹೇಳಿ, ಮೂಟೆಗಳನ್ನು ಗಾಡಿಗೆ ಹೇರಿಸಿಕೊಂಡು ಹೊರಟೇಹೋದ. ಎಚ್ಚರವಿದ್ದ ಮೂವರನ್ನು ಮಲಗಿಕೊಂಡು ಗೆದ್ದ ತಂದೆಯ ಮಗ ನಾನು, ಹೆಮ್ಮೆ ಪಡಬಾರದೇ?

ಬಿಸಿಲು ಇಳಿಯುವ ಹೊತ್ತಿಗೆ ಅಪ್ಪನಿಗೆ ಎಚ್ಚರವಾಯಿತು. ಅವಸರದಿಂದ ರುಮಾಲು ಸರಿಮಾಡಿಕೊಂಡ, ನೆಟ್ಟಗೆ ಕೂತ, ಖಾಲಿ ಪಡಸಾಲೆಯನ್ನು ಆ ಕಡೆ ಈ ಕಡೆ ನೋಡಿದ. ಆಮೇಲೆ ನನ್ನನ್ನು ಹತ್ತಿರ ಕರೆದು ಪಿಸುದನಿಯಲ್ಲಿ ಅಂದ:

"ಲೇ, ಉಂಡು ಎದ್ದವ್ರು ವ್ಯಾಪಾರಕ್ಕ ಇನ್ನ ಯಾರೂ ಬಂದಿಲ್ಲೇನು? ಆ ಕಂಪ್ಲಿಯಾಂವ ತಿರುಗಿ ಬಂದ್ರ ಭಾಳ ಜಗ್ಗೋದು ಬ್ಯಾಡ. ಒಂದೆರಡು ಬೆರಳು ಕಡಿಮಿಗೇ ಕೊಟ್ಟುಬಿಡೋಣು. ಪಾಪ, ದೂರದಿಂದ ಬರ್ತಾನ."

ಅವತ್ತು ಯುವ ನಾಮ ಸಂವತ್ಸರದ ಬಲಿಪಾಡ್ಯಮಿ. ಇಂಗ್ಲಿಷ್ ಲೆಕ್ಕದಲ್ಲಿ ಸಾವಿರದ ಒಂಬೈನೂರ ಮೂವತ್ತೈದು, ಅಕ್ಟೋಬರ್ ಇಪ್ಪತ್ತೆಂಟು, ಸೋಮವಾರ.